ಮೂವರ ಬಾಯಲ್ಲಿ ಒಂದು ಪಿನ್ನು

ನಮ್ಮ ಕಾಕಾನ ದುಡ್ಡು ಎಷ್ಟು ಭದ್ರವಾಗಿದೆಯೆಂದರೆ, ಸ್ವತಃ ಕಾಕಾನ ಕೈಗೂ ಅದು ಸಿಗುವುದಿಲ್ಲ! ನಗಬೇಡಿ. ಅವನ ಫೋನಿನೊಳಗಿರುವ ಒಂದು ಸಾವಿರದ ಇನ್ನೂರು ರೂಪಾಯಿಯನ್ನು ಹೊರಗೆಳೆಯುವ ಕಳ್ಳ ಸೊಲ್ಲಾಪುರ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದರೂ ಅವನು ಮೊದಲು ನಮ್ಮ ಮನೆತನದ ಮೂವರು ಹೆಂಗಸರನ್ನು ಒಲಿಸಿಕೊಳ್ಳಬೇಕು. ಅಷ್ಟು ತಾಳ್ಮೆಯಿದ್ದವನು ಕಳ್ಳತನಕ್ಕೆ ಯಾಕೆ ಬರುತ್ತಾನೆ, ಹೇಳಿ?

ಕಾಕಾ ಅಂದರೆ ನಮ್ಮ ಅಪ್ಪನ ತಮ್ಮ. ಸೊಲ್ಲಾಪುರದ ಹಳೇ ಪೇಟೆಯ ಓಣಿಯಲ್ಲಿ ಅವನದು ಪಾತ್ರೆಗಳ ಅಂಗಡಿ. ಎಂಥ ತಂಬಿಗೆಯನ್ನಾದರೂ ಬೆರಳಗೆಣ್ಣಿನಿಂದ ಒಮ್ಮೆ ಬಡಿದು, ತಲೆ ವಾಲಿಸಿ ಕೇಳಿ, ಅದರ ಜಾತಕ ಹೇಳಿಬಿಡುತ್ತಾನೆ. “ಬಾರಿಸಿದರ ಮಾತಾಡಬೇಕು. ಮಾತಾಡದ ಮಾಲು ಖೋಟಾ!” ಎಂಬುದು ಅವನ ವೇದಾಂತ. ಅಂಥವನ ಕೈಗೆ ಸದ್ದಿಲ್ಲದ, ತೂಕವಿಲ್ಲದ ದುಡ್ಡು ಬಂದರೆ ಏನಾಗಬೇಕು?

ಫೋನಿನ ವ್ಯವಹಾರ ಅವನಿಗೆ ಹೊಸದೇನಲ್ಲ. ಓಣಿಯ ಎಲ್ಲರ ಹಾಗೆ ಅವನೂ ಗಲ್ಲೆಯ ಮುಂದೆ ಕಪ್ಪು ಚುಕ್ಕೆಗಳ ಚೌಕದ ಚೀಟಿ ಅಂಟಿಸಿದ್ದ. “ಅದು ಸೀದಾ ಬ್ಯಾಂಕಿಗಿ ಹೋಗತೈತಿ. ಕಾಯೂದು ಅವರ ಕೆಲಸ” ಎಂದು ನಿಶ್ಚಿಂತೆಯಾಗಿದ್ದ. ಒಂದು ದಿನ ಬ್ಯಾಂಕಿನ ಹುಡುಗಿಯೊಬ್ಬಳು ಬಂದು ಅವನ ಫೋನಿನಲ್ಲಿ ಡಿಜಿಟಲ್ ರೂಪಾಯಿಯ ಆ್ಯಪ್ ಹಾಕಿಕೊಟ್ಟಳು. ತೆರೆಯ ಮೇಲೆ ನೂರರ ನೋಟುಗಳ ಚಿತ್ರ ಸಾಲಾಗಿ ನಿಂತವು.

“ಇದೂ ಅದೂ ಒಂದೇ ಅಲ್ಲೇನವಾ?” ಎಂದು ಕೇಳಿದ ಕಾಕಾ.

“ನಾಹೀ ಕಾಕಾ, ತೇ ಪೈಸೆ ಬ್ಯಾಂಕೇತ್ ಅಸತಾತ್. ಹೀ ನೋಟಚ್ ಆಹೆ!” ಎಂದಳು ಹುಡುಗಿ. ಅಂದರೆ, ಆ ದುಡ್ಡು ಬ್ಯಾಂಕಿನಲ್ಲಿರುತ್ತದೆ, ಇದು ಸಾಕ್ಷಾತ್ ನೋಟೇ.

“ನೋಟ ಅಂದ್ರ, ನೋಟೇ?”

“ಹೋ, ನೋಟಚ್.”

ಮರಾಠಿಯ ಆ ಒಂದು ‘ಚ್’ ನಮ್ಮ ಕಾಕಾನ ನೆಮ್ಮದಿಯನ್ನು ನುಂಗಿಹಾಕಿತು. ಫೋನಿನೊಳಗೆ ನೋಟೇ ಇದ್ದರೆ, ಫೋನು ಹೊರಗೆ ಬಿದ್ದಿರಬಹುದೇ? ನೋಟು ಎಲ್ಲಿರಬೇಕು? ತಿಜೋರಿಯಲ್ಲಿ! ಮರುದಿನ ಮಧ್ಯಾಹ್ನ ಊಟಕ್ಕೆ ಹೊರಟವನು ಫೋನನ್ನು ಅಜ್ಜನ ಕಾಲದ ಕಬ್ಬಿಣದ ತಿಜೋರಿಯಲ್ಲಿಟ್ಟು, ಕೀಲಿ ಹಾಕಿ, ಹೆಂಡತಿಯನ್ನು, ಅಂದರೆ ನಮ್ಮ ಕಾಕುವನ್ನು, ಗಲ್ಲೆಯ ಮೇಲೆ ಕೂಡಿಸಿ, ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡು ಮನೆಗೆ ನಡೆದ. ಅವನು ಹೋದ ಐದು ನಿಮಿಷಕ್ಕೆ ತಿಜೋರಿ ಭಜನೆ ಶುರುಮಾಡಿತು. ಕೊಡ ಕೊಳ್ಳಲು ಬಂದಿದ್ದ ಕರಜಗಿಯ ಹಿರಿಯರೊಬ್ಬರು ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು.

“ಯವ್ವಾ, ಒಳಗ ಯಾರನ್ನರ ಕೂಡಿ ಹಾಕೀರೇನು?”

“ಇಲ್ರಿ ಅಣ್ಣಾ, ನಮ್ಮ ಮನಿಯವರ ಫೋನ್ರಿ ಅದು.”

“ಮತ್ತ ತಗೀಬಾರದೇನು?”

“ಕೀಲಿಕೈ ಅವರ ಕಡೆ ಐತ್ರಿ.”

“ಮತ್ತ ಅವರಿಗಿ ಫೋನ್ ಹಚ್ಚಿ ಕರೀಬಾರದೇನು?”

ಕಾಕು ತಿಜೋರಿಯತ್ತ ಬೆರಳು ತೋರಿಸಿದಳು. ಅದು ಇನ್ನೊಮ್ಮೆ ಭಜನೆ ಮಾಡಿತು.

ಆಮೇಲೆ ಫೋನು ತಿಜೋರಿಯಿಂದ ಬಿಡುಗಡೆಯಾಗಿ ಕಾಕಾನ ಬನಿಯನ್ನಿನ ಒಳಜೇಬಿಗೆ ಬಂತು. ಜೇಬಿನ ಬಾಯಿಗೆ ಎರಡು ಸೇಫ್ಟಿ ಪಿನ್ನು. ಫೋನು ಬಂದಾಗಲೆಲ್ಲ ಕಾಕಾ ಗಿರಾಕಿಗಳ ಎದುರೇ ಅಂಗಿ ಬಿಚ್ಚತೊಡಗಿದ! ಚಾರ್ಜು ಕಡಿಮೆಯಾದರೆ ಇನ್ನೊಂದು ಗಾಬರಿ. “ನೋಡ, ನೋಡ, ಇಪ್ಪತ್ತಕ್ಕ ಬಂತು. ರೊಕ್ಕ ಸೋರಾಕತ್ತಾವ!” ಎಂದು ವಯರು ಹುಡುಕುತ್ತ ಓಡುತ್ತಿದ್ದ. ಕೊನೆಗೊಂದು ದಿನ ನನ್ನನ್ನೇ ಹಿಡಿದು ಕೂಡಿಸಿದ. ನಾನು ಸಾಲಿಯಲ್ಲಿ ಇತಿಹಾಸ ಕಲಿಸುವವಳು. ಆದರೆ ಮಾಸ್ತರಿಕೆ ಮಾಡುವವರಿಗೆ ಎಲ್ಲವೂ ತಿಳಿದಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ.

“ಫೋನ್ ನೀರಾಗ ಬಿದ್ದರ ನೋಟ ತೊಯ್ತಾವೇನವಾ?”

“ಇಲ್ಲ ಕಾಕಾ. ಬ್ಯಾರೇ ಫೋನಿನ್ಯಾಗ ಮತ್ತ ತಗೋಬಹುದಂತ.”

“ಮತ್ತ ನೋಟ ಫೋನಿನ್ಯಾಗ ಅದಾವ ಅಂದಳಲ್ಲ ಆ ಹುಡುಗಿ?”

“ಫೋನಿನ್ಯಾಗೇ ಅದಾವ.”

“ಅಂದ್ರ ಅವು ಇಲ್ಲೂ ಅದಾವ, ಅಲ್ಲೂ ಅದಾವ. ಇದೇನು ನೋಟೋ, ದೇವರೋ?”

ವಿವರಿಸಲು ಕೂರುವ ಮುಂಚೆ ನನಗೆ ಎಲ್ಲವೂ ಅರ್ಥವಾಗಿತ್ತು. ವಿವರಿಸಿ ಎದ್ದಾಗ ನಾನೂ ಚಾರ್ಜರು ಹುಡುಕತೊಡಗಿದ್ದೆ.

ಇನ್ನು ಪಿನ್ನಿನ ಕಥೆ. ಆರು ಅಂಕಿಯ ಗುಟ್ಟಿನ ಪಿನ್ನು ಹಾಕಿಕೊಟ್ಟ ಬ್ಯಾಂಕಿನ ಹುಡುಗಿ, “ಕಾಕಾ, ಇದನ್ನು ಕಾಗದದ ಮೇಲೆ ಮಾತ್ರ ಬರೆದಿಡಬೇಡಿ” ಎಂದು ಮರಾಠಿಯಲ್ಲಿ ಮೂರು ಸಲ ಹೇಳಿ ಹೋಗಿದ್ದಳು. ಕಾಕಾ ಆಜ್ಞಾಧಾರಕ. ಕಾಗದದ ಮೇಲೆ ಬರೆಯಲಿಲ್ಲ. ಸ್ಟೀಲಿನ ಮೇಲೆ ಬರೆದ! ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಶೀನು ಅಂಗಡಿಯಲ್ಲೇ ಇದೆಯಲ್ಲ. ಒಂದು ಡಬ್ಬಿ ತೆಗೆದುಕೊಂಡು ಅದರ ತಳದಲ್ಲಿ ಆರು ಅಂಕಿಗಳನ್ನು ಮುದ್ದಾಗಿ ಕೊರೆದು, ಗೋಡೆಯ ಮಾಡದಲ್ಲಿ ಅಂಕಿ ಕಾಣದ ಹಾಗೆ ಇಟ್ಟ. ಇಲಿ ತಿನ್ನುವುದಿಲ್ಲ, ಶಾಯಿ ಅಳಿಸುವುದಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ.

ಇತ್ತು ಕೂಡ, ನಾಲ್ಕು ದಿನ. ಐದನೆಯ ದಿನ ಕಾಕಾ ಚಹಾ ಕುಡಿಯಲು ಹೋದಾಗ ಚಪಳಗಾಂವದ ಗಿರಾಕಿಯೊಬ್ಬರು ಮಗಳ ಮದುವೆಗೆಂದು ಇಪ್ಪತ್ತೊಂದು ಡಬ್ಬಿ ಕೇಳಿದರು. ಕಪಾಟಿನಲ್ಲಿ ಇಪ್ಪತ್ತೇ ಇದ್ದವು. ಕಾಕು ಮಾಡದಲ್ಲಿದ್ದ ಇಪ್ಪತ್ತೊಂದನೆಯದನ್ನು ಒರೆಸಿ ಕೊಟ್ಟಳು.

“ಹೊಸ ಪಿನ್ನು ಹಾಕಿಕೊಂಡರ ಮುಗೀತಲ್ಲ ಕಾಕಾ” ಎಂದೆ.

“ಹಳೇದು ಹೊರಗ ತಿರಗಾಕತ್ತೈತಲ್ಲವಾ! ಊರ ಮಂದಿ ಕೈಯಾಗ ನನ್ನ ಗುಟ್ಟು!”

ಹೀಗಾಗಿ ಮದುವೆಯ ದಿನ ನಾವಿಬ್ಬರೂ ಎಸ್.ಟಿ. ಬಸ್ಸು ಹತ್ತಿ, ಕರೆಯದ ಮದುವೆಗೆ ಚಪಳಗಾಂವಕ್ಕೆ ಹೋದೆವು. ಮಂಟಪದ ಪಕ್ಕದ ಮೇಜಿನ ಮೇಲೆ ಹೆಣ್ಣಿನ ಕಡೆಯವರು ಕೊಟ್ಟ ಸಾಮಾನನ್ನೆಲ್ಲ ನೋಡುವವರಿಗಾಗಿ ಜೋಡಿಸಿಟ್ಟಿದ್ದರು. ಕಾಕಾ ಅಕ್ಷತೆ ಹಾಕುವುದಕ್ಕೂ ಕಾಯಲಿಲ್ಲ. ಒಂದೊಂದೇ ಡಬ್ಬಿ ಎತ್ತಿ ತಳ ನೋಡತೊಡಗಿದ. ಮೂರನೆಯದರಲ್ಲಿದ್ದ ಶೇಂಗಾ ಉಂಡಿಗಳು ನೆಲಕ್ಕೆ ಉರುಳಿದವು.

ಗಂಡಿನ ಸೋದರಮಾವ ಹತ್ತಿರ ಬಂದರು. “ಏನ್ರಿ ನೋಡಾಕತ್ತೀರಿ?”

“ತಳಾ ನೋಡಾಕತ್ತೀನ್ರಿ.”

“ಯಾಕ? ಮಾಲ ಖೋಟಾ ಐತೇನು?”

ಮುಗಿಯಿತು! ಗಂಡಿನ ಕಡೆಯ ಹತ್ತು ಜನ ಬಂದು ತಲಾ ಒಂದು ಪಾತ್ರೆ ಎತ್ತಿ ತಳ ನೋಡತೊಡಗಿದರು. ಏನು ನೋಡಬೇಕೆಂದು ಒಬ್ಬರಿಗೂ ಗೊತ್ತಿರಲಿಲ್ಲ. ಹೆಣ್ಣಿನ ತಂದೆಯ ಮುಖ ಬಿಳಿಚಿತು. ಅಷ್ಟರಲ್ಲಿ ಅಜ್ಜಿಯೊಬ್ಬಳು ಒಂದು ಡಬ್ಬಿ ಮೇಲೆತ್ತಿ, “ಇದಕ್ಕ ಏನೋ ನಂಬರ ಐತಿ ನೋಡ್ರೋ!” ಎಂದು ಕೂಗಿದಳು. ಕಾಕಾ ಹಾರಿ ಹೋಗಿ ಅದನ್ನು ಎದೆಗವಚಿಕೊಂಡ.

“ಅದು… ಅದು ಗ್ಯಾರಂಟಿ ನಂಬರ್ರಿ!”

ಬೀಗರೆಲ್ಲ ತಮ್ಮ ಕೈಯಲ್ಲಿದ್ದ ಪಾತ್ರೆಗಳ ತಳವನ್ನು ಮತ್ತೊಮ್ಮೆ ನೋಡಿದರು. ಸೋದರಮಾವ ಗಂಟಲು ಸರಿಮಾಡಿಕೊಂಡು ಕೇಳಿದರು: “ಮತ್ತ ಉಳದ ಇಪ್ಪತ್ತಕ್ಕ ಯಾಕಿಲ್ಲ?”

ಮರುವಾರ ಆ ಇಪ್ಪತ್ತೂ ಡಬ್ಬಿಗಳು ಸೊಲ್ಲಾಪುರಕ್ಕೆ ಬಂದು, ಪುಕ್ಕಟೆಯಾಗಿ ಆರಾರು ಅಂಕಿ ಕೊರೆಸಿಕೊಂಡು ಹೋದವು. ಆ ಅಂಕಿಗಳಿಗೆ ಏನರ್ಥ? ಕೊರೆದವನಿಗೂ ಗೊತ್ತಿಲ್ಲ, ಕೊರೆಸಿಕೊಂಡವರಿಗೂ ಗೊತ್ತಿಲ್ಲ.

ಇದಾದ ಮೇಲೆ ಕಾಕಾ ಎರಡು ದಿನ ಯೋಚಿಸಿ ಹೊಸ ಹಂಚಿಕೆ ಹೂಡಿದ. ಗುಟ್ಟು ಯಾವ ವಸ್ತುವಿನ ಮೇಲೂ ಇರಬಾರದು, ಮನುಷ್ಯರಲ್ಲಿರಬೇಕು. ಆದರೆ ಪೂರ್ತಿ ಗುಟ್ಟು ಒಬ್ಬರಲ್ಲೇ ಇರಬಾರದು. ತಾನೂ ನೆನಪಿಡುವುದಿಲ್ಲ, ಯಾರಾದರೂ ಹೆದರಿಸಿ ಕೇಳಿದರೆ ಹೇಳಿಬಿಟ್ಟೇನು! ಆರು ಅಂಕಿಗಳಲ್ಲಿ ಮೊದಲ ಎರಡು ನನಗೆ, ನಡುವಿನ ಎರಡು ಕಾಕುವಿಗೆ, ಕೊನೆಯ ಎರಡು ಅಕ್ಕಲಕೋಟದಲ್ಲಿ ಮಗನ ಮನೆಯಲ್ಲಿದ್ದ ನಮ್ಮ ಸೋದರತ್ತೆಗೆ. ಒಬ್ಬರದು ಇನ್ನೊಬ್ಬರಿಗೆ ತಿಳಿಯಕೂಡದು.

“ನಿನ್ನ ಅಂಕಿ ಯಾರ ಮುಂದೂ ಹೇಳಬ್ಯಾಡ” ಎಂದು ಕಾಕುವಿಗೆ ತಾಕೀತು ಮಾಡಿದ.

“ನಲವತ್ತೇಳು ಅಂತ ನಾ ಯಾಕ ಯಾರ ಮುಂದರ ಹೇಳಲ್ರಿ?” ಎಂದು ಕಾಕು ಸಿಟ್ಟಿನಿಂದ ಕೂಗಿದಳು. ಎದುರಿನ ಚಹಾದಂಗಡಿಯವನಿಗೂ ಕೇಳಿಸಿತು. ಕಾಕುವಿನ ಅಂಕಿ ಆ ವಾರದಲ್ಲಿ ನಾಲ್ಕು ಸಲ ಬದಲಾಯಿತು.

ಅತ್ತೆಯನ್ನು ಸೇರಿಸಿದ್ದಕ್ಕೆ ಕಾರಣವಿತ್ತು. ಕಾಕಾನಿಗಿಂತ ಎಂಟು ವರ್ಷ ದೊಡ್ಡವಳು. ಅವನನ್ನು ಹೊಸ್ತಿಲ ಮೇಲೆ ಕೂಡಿಸಿ ಇಪ್ಪತ್ತರ ಮಗ್ಗಿಯವರೆಗೆ ಬಾಯಿಪಾಠ ಮಾಡಿಸಿದವಳು. ಅಕ್ಕಲಕೋಟದಿಂದ ಯಾವ ಊರಿಗೆ ಯಾವ ಬಸ್ಸು ಎಷ್ಟಕ್ಕೆ ಎಂಬುದನ್ನು ಸ್ಟ್ಯಾಂಡಿನ ಬಾಬುಗಳಿಗಿಂತ ಚೆನ್ನಾಗಿ ಬಲ್ಲವಳು. ಇಡೀ ಬಳಗದ ಫೋನ್ ನಂಬರುಗಳು ಅವಳ ನಾಲಗೆಯ ಮೇಲಿದ್ದವು. “ನಮ್ಮ ಅಕ್ಕನ ತಲಿ ಅಂದ್ರ ಪಕ್ಕಾ ತಾಮ್ರದ ಹಂಡೆ. ಒಂದ ಹನಿ ಸೋರೂದಿಲ್ಲ” ಎನ್ನುತ್ತಿದ್ದ ಕಾಕಾ.

ಹಂಚಿಕೆಯೇನೋ ಸೊಗಸಾಗಿತ್ತು. ಮೊದಲ ದಿನ ಕಾಕಾ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಳ್ಳಲು ನಿಂತು ಮೂರು ಕಡೆ ಫೋನು ಹಚ್ಚಿದ. ನಾನು ಹೇಳಿದೆ, ಕಾಕು ಹೇಳಿದಳು, ಅತ್ತೆ “ಅರವತ್ತೆರಡು” ಎಂದಳು. ಪಿನ್ನು ತಪ್ಪು! ಮತ್ತೆ ಮೂವರಿಗೂ ಫೋನು. ಮತ್ತೆ ತಪ್ಪು! ಆಮೇಲೆ ತಿಳಿಯಿತು. ಪೇಟೆಯಲ್ಲಿ ಬೆಳೆದ ಕಾಕಾ ಅಂಕಿಗಳನ್ನು ಮನಸ್ಸಿನಲ್ಲಿ ಮರಾಠಿಗೆ ತಿರುಗಿಸಿಕೊಳ್ಳುತ್ತಾನೆ. ಅರವತ್ತೆರಡು ಅಂದರೆ ‘ಬಾಸಷ್ಟ’. ಮರಾಠಿಯಲ್ಲಿ ಎರಡು ಮೊದಲು ಬರುತ್ತದೆ, ಅರವತ್ತು ಆಮೇಲೆ. ಕಾಕಾ ಕೇಳಿಸಿದ ಹಾಗೆಯೇ ಎರಡು ಒತ್ತಿ ಆಮೇಲೆ ಆರು ಒತ್ತುತ್ತಿದ್ದ!

ರೊಟ್ಟಿ ಮಾರುವಾಕೆ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದವಳು ಹೇಳಿದಳು: “ಶೇಟ್ರ, ಲಗೂ ಮಾಡ್ರಿ. ನೀವು ನಿಂತಾಗ ರೊಟ್ಟಿ ಕಡಕ್ ಇದ್ದುವು.”

ಅಂತೂ ಈ ಪದ್ಧತಿ ಒಂದೂವರೆ ವರ್ಷ ನಡೆಯಿತು. ಮಗ್ಗಿ ಒಪ್ಪಿಸಿದ ಹಾಗೆ ಅತ್ತೆ ಠಣ್ಣನೆ “ಅರವತ್ತೆರಡು” ಎನ್ನುತ್ತಿದ್ದಳು. ಒಂದು ದಿನ “ಇಪ್ಪತ್ತಾರು” ಎಂದಳು. ಮರಾಠಿಯ ಗೊಂದಲ ಅವಳಿಗೂ ಅಂಟಿತೆಂದು ನಾವು ನಕ್ಕೆವು. ಮುಂದಿನ ವಾರ “ಎಂಬತ್ತು” ಎಂದಳು. ಅದರ ಮುಂದಿನ ವಾರ, “ಯಾವ ಅಂಕಿಪಾ?” ಎಂದು ಕೇಳಿದಳು. ಕಾಕಾ ಫೋನನ್ನು ನೋಡುತ್ತ ಕುಳಿತ.

ಆ ರವಿವಾರ ಅವನ ಜೊತೆ ನಾನೂ ಅಕ್ಕಲಕೋಟಕ್ಕೆ ಹೋದೆ. ಅತ್ತೆ ಪಡಸಾಲೆಯಲ್ಲಿ ಕುಳಿತಿದ್ದಳು. ನನ್ನನ್ನು ನೋಡಿ ನಮ್ಮ ಅವ್ವನ ಹೆಸರು ಹಿಡಿದು ಕರೆದಳು. ಅತ್ತೆಯ ಮಗ ಕಾಕಾನನ್ನು ಪಕ್ಕಕ್ಕೆ ಕರೆದು ಹೇಳಿದ: “ಮಾಮಾ, ಅವ್ವಗ ಮರವು ಭಾಳ ಆಗೇತಿ. ಗ್ಯಾಸ್ ಹಚ್ಚಾಕ ಕೊಡೂದಿಲ್ಲ ಈಗ. ಕೀಲಿನೂ ಇಸಕೊಂಡೀವಿ.” ಕೆಟ್ಟ ಹುಡುಗನಲ್ಲ, ತಾಯಿಯನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾನೆ. ಆದರೆ ನಾವಿದ್ದ ಎರಡು ತಾಸಿನಲ್ಲಿ ಅತ್ತೆ ಏನಾದರೂ ಹೇಳಲು ಬಾಯಿ ತೆರೆದಾಗಲೆಲ್ಲ ಮನೆಯ ಒಬ್ಬರಲ್ಲ ಒಬ್ಬರು, “ನಿನಗ ತಿಳಿಯೂದಿಲ್ಲ ಅವ್ವಾ, ಸುಮ್ಮ ಕುಂದ್ರು” ಎಂದರು. ಅವಳು ಸುಮ್ಮನೆ ಕುಳಿತಳು.

ಸಂಜೆ ಮುಂದೆ ಕಾಕಾ, “ಏಳ ಅಕ್ಕಾ, ಬಳಿ ಇಡಸ್ತೀನಿ” ಎಂದು ಕೈಹಿಡಿದು ಗುಡಿಯ ಹಾದಿಯ ಬಳೆಯಂಗಡಿಗೆ ಕರೆದುಕೊಂಡು ಹೋದ. ಹಸಿರು ಬಳೆ ಇಡಿಸಿದ್ದಾಯಿತು. ಕಾಕಾ ಅಂಗಿ ಬಿಚ್ಚಿ, ಎರಡು ಸೇಫ್ಟಿ ಪಿನ್ನು ತೆಗೆದು, ಫೋನು ಹೊರತೆಗೆದ. ನನ್ನ ಎರಡು ಅಂಕಿ ಕಿವಿಯಲ್ಲಿ ಹೇಳಿದೆ. ಕಾಕು ಫೋನಿನಲ್ಲಿ ಹೇಳಿದಳು. ಆಮೇಲೆ ಅವನು ಅಕ್ಕನ ಕಡೆ ತಿರುಗಿ ಗಂಭೀರವಾಗಿ ಕೇಳಿದ:

“ಅಕ್ಕಾ, ನಿಂದ ಹೇಳ ಈಗ. ನಿನ್ನ ಅಂಕಿ ಬಂದ ಹೊರತು ಈ ರೊಕ್ಕ ಹೊರಗ ಬರೂದಿಲ್ಲ.”

ಅತ್ತೆ ಕಣ್ಣು ಮುಚ್ಚಿದಳು. ತುಟಿಗಳು ಅಲುಗಾಡಿದವು. ಬಳೆಗಾರನೂ ಕೈ ನಿಲ್ಲಿಸಿ ನೋಡಿದ.

“ಹದಿನೆಂಟು!” ಎಂದಳು, ಠಣ್ಣನೆ.

ಕಾಕಾ ಒತ್ತಿದ. ಪಕ್ಕದಲ್ಲೇ ಇದ್ದ ನನಗೆ ತೆರೆಯ ಮೇಲಿನ ಕೆಂಪಕ್ಷರ ಕಾಣುತ್ತಿತ್ತು. ಪಿನ್ನು ತಪ್ಪು.

“ಬರೋಬರ್!” ಎಂದ ಕಾಕಾ. “ತೆರೀತು ನೋಡ!” ಎನ್ನುತ್ತ, ಇನ್ನೊಂದು ಕೈಯಿಂದ ಕಾಗದದ ನೋಟುಗಳನ್ನು ಬಳೆಗಾರನ ಗಾದಿಯ ಕೆಳಗೆ ಸರಿಸಿದ. ಅತ್ತೆ ನನ್ನ ಕಡೆ ನೋಡಿ ನಕ್ಕಳು. ಆ ಇಡೀ ದಿನದಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಅವಳನ್ನು ಮನೆಗೆ ಬಿಟ್ಟು ಎಸ್.ಟಿ. ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತಾಗ ಕಾಕಾ ಫೋನನ್ನು ನನ್ನ ಕೈಗಿಟ್ಟ.

“ಪಿನ್ನು ಬದಲಿ ಮಾಡವಾ. ಕಡೀಕ ಹದಿನೆಂಟು ಹಾಕ.”

“ಕಾಕಾ, ಅತ್ತಿ ತಪ್ಪ ಹೇಳಿದಳಲ್ಲ?”

“ಅಕ್ಕ ಹೇಳಿದ್ದು ಬರೋಬರ್ ಐತಿ. ಫೋನಿಂದ ತಪ್ಪ ಐತಿ.”

“ನಾಳಿ ಬ್ಯಾರೇ ಏನರ ಹೇಳಿದರ?”

“ನಾಳಿ ನಾಳಿಂದ ಹಾಕೂಣು.”

ಅಂದಿನಿಂದ ಕಾಕಾ ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ಸರಿಸುವ ಮುಂಚೆ ಅಕ್ಕಲಕೋಟಕ್ಕೆ ಫೋನು ಹಚ್ಚುತ್ತಾನೆ. ಕೊಳ್ಳುವುದು ಇರಲಿ ಬಿಡಲಿ, ಅಂಕಿ ಕೇಳುತ್ತಾನೆ. ಮೊನ್ನೆ ಅತ್ತೆಯ ಮಗ ನನಗೆ ಫೋನು ಮಾಡಿದ್ದ. ಅವ್ವ ಈಗ ಒಂಬತ್ತೂವರೆಗೇ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಫೋನಿನ ಪಕ್ಕ ಕೂರುತ್ತಾಳಂತೆ. ಮನೆಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ಕೈಯೆತ್ತಿ ಗದರಿಸುತ್ತಾಳಂತೆ:

“ಗದ್ದಲಾ ಮಾಡಬ್ಯಾಡ್ರಿ. ಸೊಲ್ಲಾಪುರದಾಗ ನನ್ನ ತಮ್ಮ ಅಂಗಡಿ ತೆರೀಬೇಕಾಗೈತಿ.”