ಹಾವಿನಂತೆ ಬಳುಕಿದ ನಮ್ಮ ಡ್ರೈವ್‌ವೇ

ಇಡೀ ಶಿಕುಟಿಮಿ ಪಟ್ಟಣದಲ್ಲಿ ರಸ್ತೆಯಿಂದ ನಮ್ಮ ಮನೆ ಬಾಗಿಲಿಗೆ ಕಾರು ಬರುವ ಡ್ರೈವ್‌ವೇಯಂಥದ್ದು ಇನ್ನೊಂದಿರಕೂಡದು! ಹೀಗೆಂದು ಕಳೆದ ವರ್ಷದ ಮೇ ತಿಂಗಳಲ್ಲಿ ನಾನು, ಅಂದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ ಸಂಬಳ ಎಣಿಸುವ ಯಾನಿಕ್, ಘೋರ ಪ್ರತಿಜ್ಞೆ ಮಾಡಿದೆ.

ಪ್ರತಿಜ್ಞೆಗೆ ಕಾರಣ ನನ್ನ ಮಾವ ರೆಜಾನ್. ಗಾಡಿಯ ಮೂತಿಗೆ ಉಕ್ಕಿನ ಹಲಗೆ ಕಟ್ಟಿಕೊಂಡು ಊರವರ ಮನೆ ಮುಂದಿನ ಹಿಮ ತಳ್ಳುವುದೇ ಅವರ ಕಸುಬು. ಮದುವೆಯಾಗಿ ಮೂರು ವರ್ಷವಾದರೂ ಅವರ ಬಾಯಿಂದ ನನ್ನ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಉದುರಿರಲಿಲ್ಲ. ಉದುರಿಸಿಯೇ ತೀರುತ್ತೇನೆ ಎಂದು ಹೊರಟೆ.

"ಜಲ್ಲಿ ಹಾಕ್ಸು, ಸಾಕು" ಅಂದಳು ಹೆಂಡತಿ ಮಾರಿಲೂ.

"ಹಿಮ ತೆಗೆದಾಗಲೆಲ್ಲ ಕಲ್ಲು ಹಾರಿ ಪಕ್ಕದ್ಮನೆ ಕಿಟಕಿ ಒಡೆಯುತ್ತೆ."

"ಕಾಂಕ್ರೀಟು?"

"ಹಿಮ ಕರಗಿಸೋಕೆ ಹಾಕೋ ಉಪ್ಪು ಬಿದ್ರೆ ಸಿಪ್ಪೆ ಏಳುತ್ತೆ."

"ಹಾಗಿದ್ರೆ ಅಪ್ಪ ಹೇಳಿದ ಹಾಗೆ ಡಾಂಬರು. ಕಪ್ಪಗೆ, ನೆಟ್ಟಗೆ. ಬಿಸಿಲು ಹೀರಿ ಹಿಮ ಬೇಗ ಕರಗುತ್ತೆ."

"ಡಾಂಬರು ಊರಿಗೆಲ್ಲ ಇದೆ ಕಣೇ! ನಮ್ಮದು ಇಂಟರ್‌ಲಾಕ್ ಕಲ್ಲು. ಅದೂ ಹಾವಿನ ಹಾಗೆ ಎರಡು ಕಡೆ ಬಳುಕಬೇಕು!"

"ರಸ್ತೆಯಿಂದ ಬಾಗಿಲಿಗಿರೋದು ಇಪ್ಪತ್ತು ಹೆಜ್ಜೆ. ಅಷ್ಟರಲ್ಲಿ ಎರಡು ಸಲ ಬಳುಕೋಕೆ ಅದೇನು ನಾಟ್ಯ ಕಲೀತಿದ್ಯಾ?"

ಕಲೆಯ ಗಂಧ ಇಲ್ಲದವರ ಜೊತೆ ವಾದವೇಕೆ? ಸಲಿಕೆ ಹಿಡಿದೆ. ನಮ್ಮೂರ ಚಳಿಗೆ ನೆಲವೇ ಉಬ್ಬಿ ಕಲ್ಲನ್ನು ಎತ್ತಿ ಹಾಕುತ್ತದೆ. ಹಾಗಾಗಿ ಮೊಣಕಾಲುದ್ದ ಅಗೆದು, ಜಲ್ಲಿ ತುಂಬಿ, ಬಡಿದು, ಮರಳು ಹಾಸಿ, ಅದರ ಮೇಲೆ ಒಂದೊಂದೇ ಕಲ್ಲು ಕೂರಿಸಬೇಕು. ಐದು ವಾರದ ರಜೆಗಳೆಲ್ಲ ಅದಕ್ಕೇ ಅರ್ಪಣೆ! ಡ್ರೈವ್‌ವೇ ಮುಗಿಯುವ ಹೊತ್ತಿಗೆ ನನ್ನ ಸೊಂಟವೂ ಅದೇ ಆಕಾರಕ್ಕೆ ಬಂದಿತ್ತು.

ಬಂದು ನೋಡಿ ಮಾವ ಎಂದು ಫೋನ್ ಮಾಡಿದೆ. "ಬೇಸಿಗೇಲಿ ಎಲ್ಲಾ ಡ್ರೈವ್‌ವೇನೂ ಚೆಂದವೇ" ಅಂದರು. "ಹಿಮ ಬೀಳ್ಲಿ, ಬರ್ತೀನಿ."

ಅಕ್ಟೋಬರ್ ಬಂತೆಂದರೆ ಊರವರೆಲ್ಲ ಡ್ರೈವ್‌ವೇಯ ಎರಡೂ ಅಂಚಿಗೆ ಕಿತ್ತಳೆ ಬಣ್ಣದ ಕೋಲು ನೆಡುತ್ತಾರೆ. ಹಿಮ ಮುಚ್ಚಿದ ಮೇಲೆ ದಾರಿ ಎಲ್ಲಿದೆಯೆಂದು ಗೊತ್ತಾಗಬೇಕಲ್ಲ! ಆ ತಿಂಗಳು ನಾನೇ ಸಾವಿರ ಕೋಲು ಮಾರಿದ್ದೆ. "ಇದಿಲ್ದಿದ್ರೆ ಕೆಟ್ರಿ ಸ್ವಾಮೀ" ಎಂದು ಗಿರಾಕಿಗಳನ್ನು ಹೆದರಿಸಿದ್ದೆ.

"ನಮಗೆ ಕೋಲು ಬೇಡ್ವಾ?" ಅಂದಳು ಮಾರಿಲೂ.

"ಇಂಥ ಸುಂದರಿಗೆ ಕೋಲು ಚುಚ್ಚೋದಾ? ಒಂದೊಂದು ಕಲ್ಲೂ ನನ್ನ ಕೈಯಲ್ಲೇ ಕೂತಿದ್ದು. ಕಣ್ಣು ಕಟ್ಟಿದ್ರೂ ಹುಡುಕ್ತೀನಿ!"

ನವೆಂಬರ್ ಮಧ್ಯದ ಒಂದು ಶನಿವಾರ ಅವಳು ಕಾರು ತೆಗೆದುಕೊಂಡು ತವರಿಗೆ ಹೋದಳು. ಭಾನುವಾರ ಬೆಳಿಗ್ಗೆ ಎದ್ದು ನೋಡುತ್ತೇನೆ, ಮೊಣಕಾಲು ಮುಳುಗುವಷ್ಟು ಹಿಮ! ಅಂಗಳ, ರಸ್ತೆ, ಡ್ರೈವ್‌ವೇ ಎಲ್ಲ ಒಂದೇ ಬಿಳಿ ದುಪ್ಪಟಿ. ಫೋನು ಬಡಿದುಕೊಂಡಿತು.

"ನಮ್ಮ ಕಾರು ಇಲ್ಲಿ ಹಿಮದಲ್ಲಿ ಹೂತುಹೋಗಿದೆ. ಅಪ್ಪನ ಗಾಡೀಲಿ ಬರ್ತಿದೀನಿ. ಹನ್ನೆರಡಕ್ಕೆ ಅವರಿಗೂ ಊಟ ಅಲ್ಲೇ. ಡ್ರೈವ್‌ವೇ ನೋಡ್ತಾರಂತೆ!"

ಮೂರು ವರ್ಷ ಕಾದ ದಿನ! ಬಾಗಿಲಿಂದ ನಾಲ್ಕು ಹೆಜ್ಜೆ ಮುಂದೆ, ಆಮೇಲೆ ಎಡಕ್ಕೆ ಬಳುಕು. ಎಡಕ್ಕೋ, ಬಲಕ್ಕೋ? ಎಡಕ್ಕೇ! ಕಲ್ಲಿಗೆ ಗೀರು ಬೀಳದಿರಲೆಂದು ತಳದಲ್ಲಿ ಎರಡು ಬೆರಳಿನಷ್ಟು ಬಿಟ್ಟು, ಮಿಕ್ಕ ಹಿಮವನ್ನೆಲ್ಲ ಬಲಗಡೆ ರಾಶಿ ಹಾಕಿದೆ. ನಡುವೆ ಒಂದಿಷ್ಟು ಒಣಹುಲ್ಲು ಸಿಕ್ಕಿತು. ಎಲ್ಲಿಂದಲೋ ಹಾರಿಬಂದಿರಬೇಕೆಂದು ಅದನ್ನೂ ಬಿಸಾಕಿದೆ. ಪಕ್ಕದ್ಮನೆಯ ಮದಾಂ ಒಡೆಟ್ ಕಿಟಕಿಯಲ್ಲಿ ನಿಂತು ಜೋರಾಗಿ ಕೈ ಬೀಸಿದರು. ಅಭಿಮಾನಿಗಳನ್ನು ನಿರಾಸೆ ಮಾಡಬಾರದು. ನಾನೂ ಬೀಸಿದೆ.

ಹನ್ನೆರಡಕ್ಕೆ ಸರಿಯಾಗಿ ಮಾವನ ಗಾಡಿ ರಸ್ತೆಯಲ್ಲಿ ನಿಂತಿತು. ಕಿಟಕಿ ಇಳಿಯಿತು. ಎರಡು ಬಳುಕು, ಚಾಕುವಿನಲ್ಲಿ ಕೊಯ್ದಂಥ ಅಂಚು! ಮಾವ ನಿಧಾನವಾಗಿ ತಲೆಯಾಡಿಸಿದರು. ಒಳ್ಳೆಯ ಮಾತು ತುಟಿಯವರೆಗೆ ಬಂದದ್ದನ್ನು ನಾನು ಕಣ್ಣಾರೆ ಕಂಡೆ. ಗಾಡಿ ಒಳಕ್ಕೆ ತಿರುಗಿತು.

"ಅಪ್ಪಾ, ಇದಲ್ಲ! ನಿಲ್ಸು!" ಮಾರಿಲೂ ಕಿರುಚಿದಳು.

ಎಲ್ಲಿ ನಿಲ್ಲಿಸುವುದು? ಅಷ್ಟರಲ್ಲಿ ಗಾಡಿಯೇ ನಿಂತಿತ್ತು. ನೆಲ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಉಕ್ಕಿನ ಹಲಗೆ ಸಮೇತ ಇಡೀ ಗಾಡಿ ಅರ್ಧ ಚಕ್ರದವರೆಗೆ ಕೆಸರಿನಲ್ಲಿ ಕೂತುಬಿಟ್ಟಿತು.

"ಯಾನಿಕ್! ನನ್ನ ಬೆಳ್ಳುಳ್ಳಿ ಪಾತಿ ಕಣೋ ಅದು! ಹೋದ ತಿಂಗಳು ನೆಟ್ಟು ಹುಲ್ಲು ಹೊದಿಸಿದ್ದೆ!" ಅಂದಳು ಮಾರಿಲೂ.

"ಹಾಗಾದ್ರೆ ಡ್ರೈವ್‌ವೇ ಎಲ್ಲಿ?" ಮಾವ ಶಾಂತವಾಗಿ ಕೇಳಿದರು.

ಮಾರಿಲೂ ಬಲಗಡೆಗೆ ಬೆರಳು ತೋರಿಸಿದಳು. ಅಲ್ಲಿ ಬೆಳಗಿನಿಂದ ನಾನೇ ಕಟ್ಟಿದ ಆಳೆತ್ತರದ ಹಿಮಪರ್ವತ ನಿಂತಿತ್ತು.

ಮದಾಂ ಒಡೆಟ್ ಶಾಲು ಹೊದ್ದು ಹೊರಗೆ ಬಂದರು. "ಬೇಡ ಬೇಡ ಅಂತ ಕೈ ಬೀಸ್ದೆ ಮಾರಾಯಾ. ನೀನು ತಿರುಗಿ ಬೀಸ್ದೆ. ಎರಡನೇ ಡ್ರೈವ್‌ವೇ ಮಾಡ್ಕೋತಿದಾನೇನೋ ಅಂತ ಸುಮ್ನಾದೆ!"

ಮಾವ ಗಾಡಿಯಿಂದ ಇಳಿದು ಮೊಣಕಾಲಿಗೆ ಮೆತ್ತಿದ ಕೆಸರು ಒರೆಸಿಕೊಂಡರು. "ಇರೋ ಡ್ರೈವ್‌ವೇ ಹಿಮ ತೆಗೀಲಾರದವರನ್ನ ಬೇಕಾದಷ್ಟು ನೋಡಿದೀನಿ. ಇಲ್ಲದ ಡ್ರೈವ್‌ವೇ ಹಿಮ ತೆಗೆದವನು ನೀನೊಬ್ಬನೇ." ತುಟಿಯವರೆಗೆ ಬಂದಿದ್ದ ಒಳ್ಳೆಯ ಮಾತು ಮಧ್ಯಾಹ್ನದೂಟದ ಮಾಂಸದ ಕಡುಬಿನ ಜೊತೆ ಅವರ ಹೊಟ್ಟೆಗೇ ವಾಪಸಾಯಿತು. ಕ್ರೇನ್ ಬಂದು ಗಾಡಿ ಎತ್ತುವಾಗ ಸಂಜೆಯಾಗಿತ್ತು.

ಆ ವಾರವೇ ಕೊರೆಯುವ ಚಳಿ ಹಿಡಿಯಿತು ನೋಡಿ! ನನ್ನ ಪರ್ವತ ಬಂಡೆಯಾಯಿತು. ಗುದ್ದಲಿಗೂ ಜಗ್ಗಲಿಲ್ಲ. ಬೆಳ್ಳುಳ್ಳಿ ಪಾತಿಯೂ ಕಲ್ಲಾಯಿತು, ಅದರ ಮೇಲೆ ಕಾರು ಸರಾಗವಾಗಿ ಓಡಿತು. ಹೀಗೆ ಇಡೀ ಚಳಿಗಾಲ ನಾವು ತೋಟದ ಮೇಲೆ ಓಡಾಡಿದೆವು. ನನ್ನ ಸುಂದರಿ ಬಂಡೆಯಡಿ ಮಲಗಿದ್ದಳು.

ಏಪ್ರಿಲ್ ಕೊನೆಗೆ ಎಲ್ಲ ಕರಗಿತು. ಮಾವ ಬಂದರು. ಈ ಸಲ ರಸ್ತೆಯಲ್ಲೇ ಗಾಡಿ ಬಿಟ್ಟು ನಡೆದುಕೊಂಡು! ಬಗ್ಗಿ ಕಲ್ಲುಗಳ ಮೇಲೆ ಕೈಯಾಡಿಸಿದರು.

"ಒಂದು ಕಲ್ಲೂ ಎದ್ದಿಲ್ಲ. ಗೀರಿಲ್ಲ, ಉಪ್ಪಿನ ಕಲೆಯಿಲ್ಲ. ಚಳಿಗಾಲ ಕಳೆದು ಇಷ್ಟು ಚೊಕ್ಕವಾಗಿ ಎದ್ದ ಡ್ರೈವ್‌ವೇ ಈ ಊರಲ್ಲೇ ನೋಡಿಲ್ಲ ಅಳಿಯಾ!"

ಎದೆ ಹಿಗ್ಗಿ ಅಂಗಿಯ ಗುಂಡಿ ಕಿತ್ತು ಬರುವುದೊಂದು ಬಾಕಿ. "ನಿಮ್ಮ ಆಶೀರ್ವಾದ, ಮಾವ" ಅಂದೆ.

"ನನ್ನದೇನಿಲ್ಲ. ಡ್ರೈವ್‌ವೇ ಹಾಳಾಗದ ಹಾಗೆ ಹಿಮ ತೆಗೆಯೋದು ಹೇಗೆ ಅಂತ ಮೂವತ್ತೆರಡು ವರ್ಷ ತಲೆ ಕೆಡಿಸ್ಕೊಂಡೆ" ಎಂದು ಮಾವ ಮೇಲೆದ್ದು ನನ್ನ ಬೆನ್ನು ತಟ್ಟಿದರು. "ತೆಗೀಲೇಬಾರ್ದು ಅಂತ ನನಗೆ ಹೊಳೀಲೇ ಇಲ್ಲ ನೋಡು!"