ಸೋರೆಬುರುಡೆ ಮತ್ತು ನನ್ನ ಎರಡನೇ ಲೋಟ ಕಾಫಿ

ಥ್ಯಾಂಕ್ಸ್ ಹೇಳುವ ವಿದ್ಯೆಯಲ್ಲಿ ನಾನು ಬಹಳ ಹಿಂದುಳಿದವನು. ಇದು ನನ್ನೊಬ್ಬನ ದೋಷವಲ್ಲ, ನಮ್ಮ ಮನೆತನದ್ದೇ ಸಂಪ್ರದಾಯ ಎಂದು ಬೇಕಾದರೆ ವಾದಿಸಬಲ್ಲೆ. ಮೈಸೂರಿನ ಮನೆಯಲ್ಲಿ ಅಮ್ಮ ದೋಸೆ ಹಾಕಿದಾಗ ನಾವು ಯಾರಾದರೂ ಥ್ಯಾಂಕ್ಸ್ ಅಂದಿದ್ದರೆ ಆಕೆ ಸೌಟು ಕೆಳಗಿಟ್ಟು ಹಣೆ ಮುಟ್ಟಿ, ಜ್ವರ ಬಂದಿದೆಯೇ ಎಂದು ನೋಡುತ್ತಿದ್ದರು. ದೋಸೆ ಚೆನ್ನಾಗಿದ್ದರೆ ಇನ್ನೊಂದು ಹಾಕಿಸಿಕೊಳ್ಳುವುದು, ಅಷ್ಟೇ. ಐರ್ಲೆಂಡಿನಲ್ಲಿ ಹಾಗಲ್ಲ. ಇಲ್ಲಿ ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಕೂಗಿ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಬಂದ ಹೊಸದರಲ್ಲಿ ಇವರೆಲ್ಲ ಡ್ರೈವರಿನ ನೆಂಟರೋ ಏನೋ ಅಂದುಕೊಂಡಿದ್ದೆ. ಈಗ ನಾನೂ ಪಳಗಿದ್ದೇನೆ. ಬಸ್ಸಿನವನಿಗೆ, ಅಂಗಡಿಯವಳಿಗೆ, ಸ್ಯಾಂಡಿಫರ್ಡಿನ ನಮ್ಮ ಆಫೀಸಿನಲ್ಲಿ ಲಿಫ್ಟ್ ಹಿಡಿದು ನಿಲ್ಲಿಸಿದವರಿಗೆ, ಒಮ್ಮೆ ಮೈಮರೆತು ತಾನಾಗಿಯೇ ತೆರೆದುಕೊಂಡ ಗಾಜಿನ ಬಾಗಿಲಿಗೂ ಹೇಳಿದ್ದೇನೆ. ಮನೆಯೊಳಗೆ ಮಾತ್ರ ನಾಲಿಗೆ ಏಳುವುದಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿ ಸುಮಾಳಿಗೆ ಒಂದು ಸಲವೂ ಹೇಳಿದ ನೆನಪಿಲ್ಲ. ಅವಳೂ ಅದನ್ನು ಕೊರತೆ ಎಂದು ಎಣಿಸಿರಲಿಲ್ಲ. ನಮ್ಮಿಬ್ಬರ ಈ ನೆಮ್ಮದಿಯನ್ನು ಕೆಡಿಸಿದವನು ಉರುಗ್ವೆ ದೇಶದ ಒಬ್ಬ ಫುಟ್‌ಬಾಲ್ ಆಟಗಾರ.

ಅವನ ಹೆಸರು ನಿಕೊ. ಡಬ್ಲಿನ್ನಿನ ಹೊರವಲಯದ ಆಡಮ್ಸ್‌ಟೌನಿನಲ್ಲಿ ನಮ್ಮ ಪಕ್ಕದ ಮನೆಯ ಡೆಕ್ಲನ್ ಒಂದು ಸಣ್ಣ ಕ್ಲಬ್ಬಿನ ಕಟ್ಟಾ ಅಭಿಮಾನಿ. ಎರಡನೇ ದರ್ಜೆಯ ಲೀಗಿನಲ್ಲಿ ಆಡುವ, ಗೆದ್ದರೆ ಅಭಿಮಾನಿಗಳೇ ಬೆಚ್ಚಿಬೀಳುವಂಥ ಕ್ಲಬ್ಬು ಅದು. ಒಂದು ಫೆಬ್ರವರಿಯಲ್ಲಿ ಆತ ಬಂದು, "ನಮ್ಮ ಹೊಸ ಆಟಗಾರನಿಗೆ ರೂಮು ಸಿಗ್ತಿಲ್ಲ, ನಿಮ್ಮ ಮೇಲಿನ ರೂಮು ಖಾಲಿ ಇದೆಯಲ್ಲ" ಎಂದ. ಡಬ್ಲಿನ್ನಿನಲ್ಲಿ ದೇವರು ಪ್ರತ್ಯಕ್ಷನಾದರೂ ಆದಾನು, ಬಾಡಿಗೆ ರೂಮು ಸಿಗುವುದು ಕಷ್ಟ. ನಾನು ಒಪ್ಪಿದೆ. ನಿಜ ಹೇಳುತ್ತೇನೆ, ಒಪ್ಪುವಾಗ ಮನಸ್ಸಿನಲ್ಲಿ ಕೆಂಪು ಕಾರು, ಹೊರಗೆ ಕಾದು ನಿಂತ ಜನ, ಅವರ ನಡುವೆ ಮುಗುಳ್ನಗುವ ನಾನು, ಎಲ್ಲ ಬಂದಿತ್ತು. ಬಂದವನು ಬೆನ್ನಿಗೊಂದು ಚೀಲ, ಕಂಕುಳಲ್ಲೊಂದು ಥರ್ಮಾಸ್ ಫ್ಲಾಸ್ಕು ಇಟ್ಟುಕೊಂಡು ಬಸ್ಸಿನಿಂದ ಇಳಿದ. ಆಸ್ಪತ್ರೆಯಲ್ಲಿರುವ ನೆಂಟರಿಗೆ ಕಾಫಿ ಒಯ್ಯುವವನ ಹಾಗಿದ್ದ.

"ನಮ್ಮ ಮನೇಲಿ ಮಾಂಸ ಮಾಡಲ್ಲ, ಪರವಾಗಿಲ್ವಾ?" ಎಂದು ಸುಮಾ ಮೊದಲೇ ಕೇಳಿದಳು. ಉರುಗ್ವೆಯವರಿಗೆ ದನದ ಮಾಂಸವೆಂದರೆ ನಮಗೆ ಅನ್ನವಿದ್ದಂತೆ ಎಂದು ಆಮೇಲೆ ತಿಳಿಯಿತು. ಆ ಪುಣ್ಯಾತ್ಮ ಸ್ವಲ್ಪವೂ ಮುಖ ಬಾಡಿಸದೆ, ಈ ದೇಶದಲ್ಲಿ ಎಲ್ಲದಕ್ಕೂ ಹೇಳುವ ಹಾಗೆ "ಗ್ರ್ಯಾಂಡ್" ಅಂದುಬಿಟ್ಟ. ವಾರಕ್ಕೊಮ್ಮೆ ಡೆಕ್ಲನ್ನಿನ ಹಿತ್ತಲಲ್ಲಿ ಇಬ್ಬರೂ ಮಾಂಸ ಸುಡಲು ಕೆಂಡ ಹಾಕಿಕೊಂಡು ಕೂರುತ್ತಿದ್ದರು. ಉಳಿದ ದಿನ ನಮ್ಮ ಸಾರು, ಪಲ್ಯ, ದೋಸೆ.

ಫುಟ್‌ಬಾಲ್ ಬಗ್ಗೆ ನನಗೆ ಗೊತ್ತಿದ್ದದ್ದು ಚೆಂಡು ದುಂಡಗಿದೆ ಎಂಬುದಷ್ಟೇ. ಕ್ರಿಕೆಟ್ ನೋಡಿ ಬೆಳೆದವನಿಗೆ ಒಂದೂವರೆ ಗಂಟೆಯಲ್ಲಿ ಮುಗಿಯುವ ಆಟ ಆಟವೇ ಅಲ್ಲ. ಆದರೂ ಮನೆಗೆ ಬಂದವನನ್ನು ಮಾತಾಡಿಸಬೇಕಲ್ಲ. "ಇಲ್ಲಿಗೆ ಮೊದಲು ಎಲ್ಲೆಲ್ಲಿ ಆಡಿದೀಯಪ್ಪ?" ಎಂದೆ. ಹದಿಮೂರನೇ ವಯಸ್ಸಿಗೇ ಹಳ್ಳಿ ಬಿಟ್ಟು ರಾಜಧಾನಿಯ ಕ್ಲಬ್ಬಿನ ಹಾಸ್ಟೆಲ್ ಸೇರಿದವನಂತೆ. ಅಲ್ಲಿಂದ ಈಕ್ವೆಡಾರ್, ಗ್ರೀಸ್, ಮಾಲ್ಟಾ, ಈಗ ಇಲ್ಲಿ. ಬೆಂಗಳೂರಿಗಿಂತ ಕಡಿಮೆ ಜನರಿರುವ ದೇಶ ಉರುಗ್ವೆ. ಮೊದಲ ವಿಶ್ವಕಪ್ ಗೆದ್ದದ್ದೂ ಅವರೇ. ಹುಟ್ಟಿದ ಗಂಡುಮಕ್ಕಳೆಲ್ಲ ಚೆಂಡು ಒದೆಯುತ್ತಾರೆ, ಕೆಲವರು ದೊಡ್ಡ ಹೆಸರಾಗುತ್ತಾರೆ, ಉಳಿದವರು ನಿಕೊ ಆಗಿ ಊರೂರು ತಿರುಗುತ್ತಾರೆ. "ಒಟ್ಟು ಎಷ್ಟು ಗೋಲು ಹೊಡೆದಿದೀಯ?" ಎಂದು ಕೇಳಿದೆ. "ನಾನು ಡಿಫೆಂಡರ್, ಡಾನ್ ರಘು. ತಡೆಯೋದು ನನ್ನ ಕೆಲಸ. ಎರಡು ಹೊಡೆದಿದ್ದೀನಿ. ಒಂದು ನಮ್ಮ ಕಡೆಯ ಗೋಲಿಗೇ ಹೋಯ್ತು" ಎಂದ. ಹಿರಿಯ ಗಂಡಸರನ್ನು ಅವರು 'ಡಾನ್', ಹೆಂಗಸರನ್ನು 'ಸೆನ್ಯೋರಾ' ಅನ್ನುತ್ತಾರೆ. ಆಫೀಸಿನಲ್ಲಿ ರಜೆಗೆ ಅರ್ಜಿ ಹಾಕಲೂ ಹಿಂಜರಿಯುವ ನನ್ನನ್ನು ಒಬ್ಬನಾದರೂ ಡಾನ್ ಎಂದು ಕರೆದನಲ್ಲ ಎಂದು ಆ ಕ್ಷಣವೇ ಅವನ ಮೇಲೆ ಪ್ರೀತಿ ಹುಟ್ಟಿತು.

ಈಗ ಆ ಫ್ಲಾಸ್ಕಿನ ವಿಷಯ. ಅದರಲ್ಲಿ ಬಿಸಿನೀರು. ಜೊತೆಗೊಂದು ಒಣಗಿದ ಸೋರೆಬುರುಡೆ, ಅದರ ತುಂಬ ಹಸಿರು ಸೊಪ್ಪಿನ ಪುಡಿ, ಅದರಲ್ಲಿ ನೆಟ್ಟ ಒಂದು ಲೋಹದ ಕೊಳವೆ. ಬಿಸಿನೀರು ಹೊಯ್ದು ಕೊಳವೆಯಿಂದ ಹೀರುವ ಆ ಕಷಾಯಕ್ಕೆ ಅವರು 'ಮಾತೆ' ಅನ್ನುತ್ತಾರೆ. ತಂಬೂರಿ ಮಾಡುವ ಬುರುಡೆಯಲ್ಲಿ ಕುಡಿಯುವುದೇ ಎಂದು ಸುಮಾ ಬೆರಗಾದಳು. ಆ ಮಂಕು ಹಿಡಿದ ಕೊಳವೆಯನ್ನು ನೋಡಲಾರದೆ ಹುಣಸೆಹಣ್ಣು ಹಾಕಿ ತಿಕ್ಕಿ ಥಳಥಳ ಹೊಳೆಯಿಸಿಕೊಟ್ಟಳು. ಆದರೆ ತೊಡಕು ಬೇರೆಯೇ ಇತ್ತು. ಜೊತೆಗೆ ಯಾರಾದರೂ ಇದ್ದರೆ ಮಾತೆಯನ್ನು ಒಬ್ಬರೇ ಕುಡಿಯುವಂತಿಲ್ಲ. ಒಬ್ಬ ನೀರು ಹೊಯ್ದು ಕೊಡುತ್ತಾನೆ, ನೀವು ಹೀರಿ ವಾಪಸು ಕೊಡುತ್ತೀರಿ, ಮತ್ತೆ ನೀರು ತುಂಬಿ ಮುಂದಿನವರಿಗೆ. ಒಂದೇ ಬುರುಡೆ, ಒಂದೇ ಕೊಳವೆ, ಎಲ್ಲರ ಬಾಯಿ!

ನಮ್ಮ ಕಡೆ ಹುಟ್ಟಿದವರಿಗೆ ಎಂಜಲೆಂದರೆ ಏನೆಂದು ವಿವರಿಸಬೇಕಿಲ್ಲ. ನೀರಿನ ಚೊಂಬನ್ನೂ ಎತ್ತಿ, ತುಟಿಗೆ ತಾಗದಂತೆ ಕುಡಿದು ಬೆಳೆದವನು ನಾನು. ಸುಮಾ "ನಂಗೆ ಬೇಡಪ್ಪ, ಈಗಷ್ಟೇ ಕಾಫಿ ಆಯ್ತು" ಎಂದು ಒಳಗೆ ಹೋಗಿ ಬಚಾವಾದಳು. ಮೊದಲ ಬೆಳಿಗ್ಗೆ ನಿಕೊ ಎರಡೂ ಕೈಯಿಂದ ಬುರುಡೆಯನ್ನು ನನ್ನ ಮುಂದೆ ಹಿಡಿದಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ಅಭ್ಯಾಸಬಲದಿಂದ ತಲೆ ಹಿಂದಕ್ಕೆ ಬಾಗಿಸಿ ಬುರುಡೆಯನ್ನು ಮೇಲೆತ್ತಿದೆ. ಕೊಳವೆಯಿಂದ ಎತ್ತಿ ಕುಡಿಯಲು ಬರುವುದಿಲ್ಲ ಎಂಬ ಜ್ಞಾನ ಬರುವಷ್ಟರಲ್ಲಿ ಹಸಿರು ಪುಡಿ ನನ್ನ ಕನ್ನಡಕದ ಮೇಲಿತ್ತು. ನಮ್ಮ ಮಗಳು ಇಂಚರಾ ಕನ್ನಡವನ್ನೆಲ್ಲ ಅರ್ಥ ಮಾಡಿಕೊಂಡು ಐರಿಷ್ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. "ಆರ್ ಯೂ ಓಕೆ, ಅಪ್ಪಾ?" ಎಂದು ನಗುತ್ತ ಕೆಳಗೆ ಕೂತುಬಿಟ್ಟಳು. ನಿಕೊ ನಗದೆ ಮತ್ತೆ ನೀರು ತುಂಬಿಕೊಟ್ಟ. ಅವನು ಅತ್ತ ತಿರುಗಿದಾಗ ಕರ್ಚೀಫಿನಿಂದ ಕೊಳವೆ ಒರೆಸಿ, ಕಣ್ಣು ಮುಚ್ಚಿ, ಹೀರಿದೆ. ಕಹಿಯೆಂದರೆ ಕಹಿ. ಇಷ್ಟು ವರ್ಷ ಈ ದೇಶದಲ್ಲಿ ಕಲಿತದ್ದನ್ನು ನೆನೆದು, ಬುರುಡೆ ಹಿಂದಿರುಗಿಸುತ್ತ "ಥ್ಯಾಂಕ್ಸ್" ಎಂದೆ.

ವಿಚಿತ್ರವೆಂದರೆ ವಾರ ಕಳೆಯುವಷ್ಟರಲ್ಲಿ ಆ ಕಹಿಗೆ ನಾಲಿಗೆ ಒಗ್ಗಿತು. ಇನ್ನೊಂದು ಸುತ್ತು ಬೇಕು ಅನ್ನಿಸತೊಡಗಿತು. ಆದರೆ ನಿಕೊ ದಿನಕ್ಕೊಂದೇ ಸಲ ಕೊಡುತ್ತಿದ್ದ. ಭಾನುವಾರ ಬರುವ ಡೆಕ್ಲನ್ನಿಗೆ ನಾಲ್ಕು, ಐದು ಸುತ್ತು. ನನಗೆ ಒಂದು, ಅಲ್ಲಿಗೆ ಮುಗಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಹಾಗಾಯಿತು. ಕರ್ಚೀಫಿನ ವಿಷಯ ಇವನಿಗೆ ಗೊತ್ತಾಗಿದೆ ಎಂದು ಖಚಿತವಾಯಿತು. ಒರೆಸುವುದನ್ನು ನಿಲ್ಲಿಸಿದೆ. ತುಟಿ ಒತ್ತಿ, ಸದ್ದು ಬರುವಂತೆ ಹೀರಿ ತೋರಿಸಿದೆ. ಇನ್ನಷ್ಟು ವಿನಯವಾಗಿ "ಥ್ಯಾಂಕ್ಯೂ ಸೋ ಮಚ್" ಎಂದೆ. ಊಹೂಂ, ಎರಡನೆಯದು ಬರಲೇ ಇಲ್ಲ.

ಹೀಗಿರುವಾಗ ಆಗಸ್ಟಿನಲ್ಲಿ ನಿಕೊನ ತೊಡೆಯ ಸ್ನಾಯು ಹರಿಯಿತು. ಮನೆಯಲ್ಲೇ ಕೂತ. ಅವನ ಒಪ್ಪಂದ ಆ ಸೀಸನ್ನಿಗಷ್ಟೇ ಇತ್ತು. ಮುಂದಿನ ಒಪ್ಪಂದ ಸಿಕ್ಕರೆ ಉರುಗ್ವೆಯಲ್ಲಿರುವ ಹೆಂಡತಿ, ಮೂರು ವರ್ಷದ ಮಗಳು ಇಲ್ಲಿಗೆ ಬರುವ ಆಸೆ. ಸಿಗದಿದ್ದರೆ ಕೆಲಸದ ಪರ್ಮಿಟ್ಟೂ ಇಲ್ಲ, ಗಂಟುಮೂಟೆ ಕಟ್ಟಬೇಕು. ಮೂವತ್ತೊಂದು ವಯಸ್ಸಿನ ಡಿಫೆಂಡರನನ್ನು ಮತ್ತೆ ಯಾವ ದೇಶ ಕರೆದೀತು? ಪರ್ಮಿಟ್ಟಿನ ಚಿಂತೆಯಲ್ಲಿ ನಾನೂ ಕೆಲವು ವರ್ಷ ನಿದ್ದೆಗೆಟ್ಟವನಾದ್ದರಿಂದ ಅವನ ಮುಖ ನೋಡಲಾಗುತ್ತಿರಲಿಲ್ಲ. ಸುಮಾಳಿಗೂ ಸಂಕಟ. ಅವಳಿಗೆ ಗೊತ್ತಿರುವ ಮದ್ದು ಒಂದೇ, ಬಡಿಸುವುದು. ಎರಡು ದೋಸೆ ತಿನ್ನುವವನಿಗೆ ನಾಲ್ಕು, ಮೇಲೆ ತುಪ್ಪ. ಅವನೂ ಪ್ರತಿ ಸಲ 'ಗ್ರಾಸಿಯಾಸ್' ಎನ್ನುತ್ತ ತಿನ್ನುತ್ತಿದ್ದ.

ಸೆಪ್ಟೆಂಬರಿನ ಒಂದು ಭಾನುವಾರ ಅವನು ಅಡಿಗೆಮನೆಯಲ್ಲಿ ಸಪ್ಪಗೆ ಕೂತಿದ್ದ. ಡೆಕ್ಲನ್ ಪಕ್ಕದಲ್ಲಿ. ತೊಡೆ ವಾಸಿಯಾಗಿದೆ, ಆದರೆ ತೂಕ ಇಳಿಸದೆ ಅಂಗಳಕ್ಕೆ ಇಳಿಸುವುದಿಲ್ಲ ಎಂದು ಕೋಚ್ ಹೇಳಿಬಿಟ್ಟಿದ್ದನಂತೆ. ಸುಮಾ ದೋಸೆ ಮಗುಚುತ್ತಿದ್ದವಳು ಹಾಗೇ ನಿಂತಳು. "ತಿನ್ನೋಕಾಗ್ದಿದ್ರೆ ಸಾಕು ಅನ್ನೋಕೇನಾಗಿತ್ತೋ ನಿನಗೆ?" ಎಂದಳು.

"ದಿನಾ ಹೇಳಿದ್ನಲ್ಲ, ಸೆನ್ಯೋರಾ" ಎಂದ ನಿಕೊ, ನಿಜವಾಗಿಯೂ ಆಶ್ಚರ್ಯದಿಂದ. "ಪ್ರತಿ ಸಲ ಗ್ರಾಸಿಯಾಸ್ ಅಂದೆ. ನಿಮಗೆ ಬೇಜಾರಾಗ್ಬಾರ್ದು ಅಂತ ಹಾಕಿದ್ದನ್ನ ತಿಂದೆ."

"ಗ್ರಾಸಿಯಾಸ್ ಅಂದ್ರೆ ಥ್ಯಾಂಕ್ಸ್ ಅಲ್ವಾ? ಇಷ್ಟ ಆಯ್ತು ಅಂತ ತಾನೆ?" ಸುಮಾ ನನ್ನ ಕಡೆ ನೋಡಿದಳು.

ಡೆಕ್ಲನ್ನಿಗೆ ನಗು ತಡೆಯಲಾಗಲಿಲ್ಲ. ಮಾತೆಯ ಕೂಟದಲ್ಲಿ ಬುರುಡೆ ಹಿಂದೆ ಕೊಡುವಾಗ ಥ್ಯಾಂಕ್ಸ್ ಅಂದರೆ ಇನ್ನು ನನಗೆ ಬೇಡ ಎಂದೇ ಪದ್ಧತಿಯಂತೆ. ಬೇಕಾದವನು ಸುಮ್ಮನೆ ಕೊಡಬೇಕು. ಅದನ್ನು ಮೊದಲ ವಾರವೇ ಕೇಳಿ ತಿಳಿದುಕೊಂಡ ಡೆಕ್ಲನ್, ಜನ್ಮದಲ್ಲಿ ಮೊದಲ ಸಲ ಐರಿಷ್ ಬಾಯಿಯನ್ನು ಕಟ್ಟಿಹಾಕಿ ಐದೈದು ಸುತ್ತು ಕುಡಿಯುತ್ತಿದ್ದ. ಅದೇ ಲೆಕ್ಕದಲ್ಲಿ ನಿಕೊ ಊಟದ ಮೇಜಿನಲ್ಲೂ ಗ್ರಾಸಿಯಾಸ್ ಎಂದಿದ್ದ. ನಮ್ಮಲ್ಲೋ, ಸಾಕು ಅಂದರೂ ಸಂಕೋಚ ಎಂದುಕೊಂಡು ಇನ್ನೆರಡು ಹಾಕುತ್ತೇವೆ, ಇನ್ನು ಥ್ಯಾಂಕ್ಸ್ ಅಂದವನನ್ನು ಬಿಡುತ್ತೇವೆಯೇ? ಅವನ ತೂಕ ಏರಿದ್ದು ಹೀಗೆ, ನನ್ನ ಮಾತೆ ನಿಂತದ್ದೂ ಹೀಗೆ. "ಡಾನ್ ರಘುಗೆ ರುಚಿ ಹಿಡಿಸಿಲ್ಲ, ಆದ್ರೂ ನನ್ನ ಜೊತೆ ಕೂತ್ಕೊಳ್ತಾರೆ, ಎಂಥಾ ಒಳ್ಳೆಯವರು ಅಂದ್ಕೊಂಡಿದ್ದೆ" ಎಂದ ನಿಕೊ. ಕರ್ಚೀಫಿನ ಸುದ್ದಿ ನಾನು ಎತ್ತಲಿಲ್ಲ.

ಮಾರನೆಯ ದಿನದಿಂದ ತುಪ್ಪದ ಡಬ್ಬಿ ಕಪಾಟು ಸೇರಿತು. ಕುದುರೆಗೆ ಹುರುಳಿ ಹಾಕುವುದು ಓಡಲಿ ಅಂತ ತಾನೆ ಎಂಬ ತರ್ಕದಿಂದ ಸುಮಾ ಹುರುಳಿ ಸಾರು, ಸಣ್ಣದೊಂದು ರಾಗಿಮುದ್ದೆ ಶುರು ಮಾಡಿದಳು. "ನೋಡು, ನಮ್ಮಲ್ಲಿ ಬಾಯಲ್ಲಿ ಹೇಳಿದ್ರೆ ನಡೆಯಲ್ಲ. ಹೀಗೆ ಎರಡೂ ಕೈ ತಟ್ಟೆಗೆ ಅಡ್ಡ ಇಟ್ಟು ಬಗ್ಗಿಬಿಡ್ಬೇಕು" ಎಂದು ಕಲಿಸಿದಳು. ಬೆಳಿಗ್ಗೆ ಮಳೆಯಲ್ಲೂ ನಿಕೊ ಓಡಲು ಹೋಗುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಸುಮ್ಮನೆ ಬುರುಡೆ ಹಿಂದಿರುಗಿಸುತ್ತ, ಸುತ್ತಿನ ಮೇಲೆ ಸುತ್ತು ಕುಡಿದು ಬೆಂಬಲ ಕೊಡುತ್ತಿದ್ದೆ.

ಸೀಸನ್ನಿನ ಕೊನೆಯ ಪಂದ್ಯಕ್ಕೆ ನಾವೆಲ್ಲ ಹೋದೆವು. ನಮ್ಮವರು ಒಂದು ಗೋಲು ಮುಂದಿದ್ದರು. ಆಟ ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಕೋಚ್ ನಿಕೊನನ್ನು ಇಳಿಸಿದ. ಎದುರಾಳಿಗಳು ನುಗ್ಗಿ ಬಂದರು. ಗೋಲ್‌ಕೀಪರ್ ಎಲ್ಲೋ ಬಿದ್ದಿದ್ದ, ಖಾಲಿ ಗೋಲಿನ ಮುಂದೆ ನಿಕೊ ಒಬ್ಬನೇ. ಚೆಂಡು ಬಂತು. ಫುಟ್‌ಬಾಲಿನಲ್ಲಿ ಕೈ ತಾಗಬಾರದು ಎಂಬುದೊಂದನ್ನು ಮಗಳಿಂದ ಕಲಿತಿದ್ದ ಸುಮಾ, ತಾನೇ ಕಲಿಸಿದ ಪಾಠ ನೆನಪಾಗಿ, ಎದ್ದು ನಿಂತು "ಕೈ ಅಡ್ಡ ಇಡ್ಬೇಡ್ವೋ ನಿಕೊ!" ಎಂದು ಅಚ್ಚ ಕನ್ನಡದಲ್ಲಿ ಕಿರುಚಿದಳು. ಅವನು ಕೈ ಬೆನ್ನ ಹಿಂದೆ ಕಟ್ಟಿ, ಹಾರಿ, ಹಣೆ ಕೊಟ್ಟ. ಚೆಂಡು ಆಚೆ ಹೋಯಿತು. ನನ್ನ ಕಣ್ಣಲ್ಲಿ ನೀರು ಬಂತು. ಚಳಿಗೆ ಎಂದು ಮಗಳಿಗೆ ಹೇಳಿದೆ.

ಆದರೂ ಆ ಕ್ಲಬ್ಬು ಅವನನ್ನು ಉಳಿಸಿಕೊಳ್ಳಲಿಲ್ಲ, ಎಳೆಯರು ಬೇಕಂತೆ. ಆದರೆ ಅವತ್ತು ಬೇರೆ ಯಾರನ್ನೋ ನೋಡಲು ಬಂದಿದ್ದ ಐರ್ಲೆಂಡಿನ ಪಶ್ಚಿಮ ಕರಾವಳಿಯ ಕ್ಲಬ್ಬಿನವನೊಬ್ಬ ಇವನನ್ನು ನೋಡಿದ್ದ. ಎರಡು ವರ್ಷದ ಒಪ್ಪಂದ, ಹೆಂಡತಿ ಮಗಳೂ ಬರಬಹುದು. ಸುದ್ದಿ ಹೇಳಿದ ದಿನ ಸುಮಾ ಕಪಾಟಿನಿಂದ ತುಪ್ಪದ ಡಬ್ಬಿ ತೆಗೆದಳು.

ಹೊರಡುವ ಬೆಳಿಗ್ಗೆ ಡೆಕ್ಲನ್ ಹೊರಗೆ ಕಾರಿಗೆ ಸಾಮಾನು ತುಂಬುತ್ತಿದ್ದ. ಮಗಳು ಶಾಲೆಗೆ ಹೋಗಿದ್ದಳು, ಒಳಗೆ ನಾವು ಮೂವರು. ನಿಕೊ ಬುರುಡೆ ತುಂಬಿ ನನಗೆ ಕೊಟ್ಟ. ನನ್ನ ನಂತರ ತನಗೆ ತುಂಬಿಕೊಳ್ಳುವಷ್ಟರಲ್ಲಿ ಸುಮಾ ಕೈ ಚಾಚಿದಳು. ಅಷ್ಟು ತಿಂಗಳು ಅದನ್ನು ಮುಟ್ಟದವಳು, ಒರೆಸದೆ, ಸೆರಗಿನ ಅಂಚೂ ತಾಗಿಸದೆ, ಹೀರಿದಳು. "ಥೂ, ಕಷಾಯ!" ಎಂದು ಮುಖ ಕಿವುಚಿ, ಸುಮ್ಮನೆ ಹಿಂದಿರುಗಿಸಿದಳು. ಇನ್ನೊಂದು ಸುತ್ತು ಬಂತು. ಯಾರೂ ಥ್ಯಾಂಕ್ಸ್ ಅನ್ನಲಿಲ್ಲ. ಅಂದರೆ ಮುಗಿಯುತ್ತದಲ್ಲ. ಫ್ಲಾಸ್ಕು ಖಾಲಿಯಾಯಿತು, ಸುಮಾ ಮತ್ತೆ ನೀರು ಕಾಯಿಸಿದಳು. ಡೆಕ್ಲನ್ ಹಾರನ್ ಹೊಡೆದ. ಕೊನೆಗೆ ನಿಕೊ ತಾನೇ ಎದ್ದು, ಬುರುಡೆಯನ್ನು ಎದೆಗೊತ್ತಿಕೊಂಡು, "ಗ್ರಾಸಿಯಾಸ್, ಸೆನ್ಯೋರಾ. ಗ್ರಾಸಿಯಾಸ್, ಡಾನ್ ರಘು" ಎಂದ. ನಾನು ಅವನ ಬೆನ್ನಚೀಲ ಎತ್ತಿಕೊಂಡೆ. ಸುಮಾ, "ಗ್ರಾಸಿಯಾಸ್ ಅಂದ್ಯಲ್ಲ, ಹಿಡ್ಕೋ" ಎನ್ನುತ್ತ ದೊಡ್ಡ ಡಬ್ಬಿ ಚಕ್ಕುಲಿ ಅವನ ಕೈಗಿಟ್ಟಳು. ಅವನು ಈ ಸಲ ಕೈ ಅಡ್ಡ ಹಿಡಿಯಲಿಲ್ಲ.

ಮರುದಿನ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ನನಗೆ ಎರಡು ಲೋಟ ಕಾಫಿ ಆಗಲೇಬೇಕು, ಸುಮಾ ಎಂದಿನಂತೆ ಮೊದಲನೆಯದನ್ನು ತಂದಿಟ್ಟಳು. ಅದೇ ಹದ, ಅದೇ ಬಿಸಿ, ಇಷ್ಟು ವರ್ಷ ಒಂದು ದಿನ ತಪ್ಪದೆ ಬಂದ ಲೋಟ. ಎಲ್ಲಿಂದಲೋ ಬಂದವನೊಬ್ಬ ಇವಳ ಕೈ ಅಡುಗೆಗೆ ದಿನಾ ಹೇಳಿದ ಮಾತನ್ನು ನಾನು ಒಮ್ಮೆಯೂ ಹೇಳಲಿಲ್ಲವಲ್ಲ ಅನ್ನಿಸಿತು. ಕುಡಿದು ಮುಗಿಸಿ, ಧೈರ್ಯ ತಂದುಕೊಂಡು, ಲೋಟ ಅವಳ ಕೈಗೆ ಕೊಡುತ್ತ "ಥ್ಯಾಂಕ್ಸ್ ಕಣೇ" ಎಂದೆ. ಅವಳು ಅಮ್ಮನ ಹಾಗೆ ಹಣೆ ಮುಟ್ಟಿ ನೋಡಲಿಲ್ಲ. "ಸಾಕಾ? ಸರಿ, ಹಾಗಾದ್ರೆ ಮಿಕ್ಕಿದ್ದು ನಾನೇ ಕುಡೀತೀನಿ" ಎಂದು ನನ್ನ ಎರಡನೇ ಲೋಟದ ಡಿಕಾಕ್ಷನ್ನನ್ನು ತನ್ನ ಲೋಟಕ್ಕೆ ಬಗ್ಗಿಸಿಕೊಂಡಳು. ಅವತ್ತಿನಿಂದ ಹೆಂಡತಿಗೆ ತಪ್ಪದೆ ಥ್ಯಾಂಕ್ಸ್ ಹೇಳುತ್ತಿದ್ದೇನೆ, ಆದರೆ ಎರಡನೇ ಲೋಟ ಮುಗಿದ ಮೇಲೆ.