ಪೂಜೆಗೆ ಕೂತ ಕಂಪ್ಯೂಟರ್

ದೊಡ್ಡ ಕೆಲಸ ಮಾಡಿದವರು ಬಾಯಿ ಮುಚ್ಚಿಕೊಂಡಿರಬೇಕು ಎಂದು ಮೊದಲು ಹೇಳಿದವರು ಯಾರೋ, ಅವರು ಯಾವ ದೊಡ್ಡ ಕೆಲಸವನ್ನೂ ಮಾಡಿರಲಿಕ್ಕಿಲ್ಲ. ಮಾಡಿದ್ದರೆ ಹೇಳದೆ ಇರುವುದು ಎಷ್ಟು ಕಷ್ಟ ಎಂಬುದು ಗೊತ್ತಾಗುತ್ತಿತ್ತು. ನಾನಂತೂ ಒಂದು ಹೋಳಿಗೆ ಹರಿಯದೆ ಬಂದರೂ ಪಕ್ಕದ ಮನೆಯ ಮೆಹಬೂಬಿಯನ್ನು ಕರೆದು ತೋರಿಸುವವಳು. ಅಂಥವಳು ಸತ್ತ ಕಂಪ್ಯೂಟರನ್ನು ಬದುಕಿಸಿದ ಮೇಲೆ ಸುಮ್ಮನಿರುವುದುಂಟೇ? ಬ್ಯಾಡಗಿಯಲ್ಲಿ ಹೇಳಿ ಮುಗಿದಿದೆ, ಹಾವೇರಿಯಲ್ಲೂ ಮುಗಿದಿದೆ. ರಾಣೇಬೆನ್ನೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಣ್ಣುಮಗಳಿಗೂ ಹೇಳಿದೆ. ಆಕೆ ನಡುವೆಯೇ ಇಳಿದುಹೋದಳು, ಅದು ಅವಳ ಊರೇ ಇರಬೇಕು. ಇನ್ನು ಉಳಿದವರು ನೀವು.

ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಸೀಜನ್ನಿನಲ್ಲಿ ಘಾಟು ಒಳಗೇ ಬರುತ್ತದೆ, ಆಗ ಸೀನುತ್ತ ಟೈಪ್ ಮಾಡುತ್ತೇನೆ, ಗಿರಾಕಿಗಳು ಸೀನುತ್ತ ತಪ್ಪು ತೋರಿಸುತ್ತಾರೆ. ಮೊದಲು ಎಲ್ಲರ ಹಾಗೆ ನನ್ನದೂ ವಿಂಡೋಸ್ ಇತ್ತು. ಆದರೆ ಗಿರಾಕಿಗಳು ತರುವ ಪೆನ್‌ಡ್ರೈವ್‌ಗಳಲ್ಲಿ ಫೋಟೋಗಿಂತ ವೈರಸ್ಸೇ ಹೆಚ್ಚು. ರೋಸಿಹೋಗಿ, ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ವಿಂಡೋಸ್ ತೆಗೆದು, ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ಹಾಕಿಕೊಂಡೆ. ಆಗಲೂ ಊರಿಗೆಲ್ಲ ಹೇಳಿದ್ದೆ. ಯಾರಿಗೂ ಅರ್ಥವಾಗಲಿಲ್ಲ, ಆದರೂ "ಭಾಳ ಛಲೋ ಆತು ಬಿಡ್ರಿ" ಅಂದರು.

ಈಗ ವಿಷಯಕ್ಕೆ ಬರುತ್ತೇನೆ. ರಾಣೇಬೆನ್ನೂರಿನಲ್ಲಿರುವ ನಮ್ಮ ಅಣ್ಣನ ಮಗಳ ಲಗ್ನ ಗೊತ್ತಾಯಿತು. ಪತ್ರಿಕೆ ನಾನೇ ಮಾಡಬೇಕು. ವರ ಸಿಕ್ಕಿದ್ದು ಬೇಗ, ಪತ್ರಿಕೆಯಲ್ಲಿ ಯಾರ ಹೆಸರು ಎಲ್ಲಿ ಎನ್ನುವುದು ಮಾತ್ರ ಬಗೆಹರಿಯಲೇ ಇಲ್ಲ. ಹಾವೇರಿಯ ನಮ್ಮ ಚನ್ನಬಸಪ್ಪ ಕಾಕಾ, "ನಾ ಮನಿಗೆ ಹಿರ್ಯಾ. ನನ್ನ ಹೆಸರ ಕೆಳಗ ಹೋತಂದ್ರ ಲಗ್ನಕ್ಕ ಬರಂಗಿಲ್ಲ ನೋಡು" ಅಂದ. ಹುಡುಗಿಯ ಸೋದರಮಾವ, ಅಂದರೆ ನಮ್ಮ ವೈನಿಯ ಅಣ್ಣ, ಕುಮಾರಪಟ್ಟಣದವರು, "ಸೋದರಮಾವನ್ನ ಕೆಳಗ ಇಟ್ರ ನಾನೂ ಬರಂಗಿಲ್ರಿ" ಅಂದರು. ಮದುವೆ ಮನೆಯಲ್ಲಿ ಇಬ್ಬರೂ ಬೇಕು. ಒಬ್ಬರಿಲ್ಲದಿದ್ದರೆ ನಮ್ಮಣ್ಣನಿಗೆ ನೋವು, ಇನ್ನೊಬ್ಬರಿಲ್ಲದಿದ್ದರೆ ವೈನಿಗೆ. ಆ ಹುಡುಗಿಯಂತೂ "ಅತ್ತಿ, ಹೆಂಗರ ಮಾಡಿ ಇಬ್ರನ್ನೂ ಕೂಡಸು" ಎಂದು ಫೋನಿನಲ್ಲಿ ಅತ್ತೇಬಿಟ್ಟಳು.

ಕೊನೆಗೆ ಇಬ್ಬರನ್ನೂ ನನ್ನ ಅಂಗಡಿಗೇ ಕರೆಸಿ, ಚಹಾ ಮೇಲೆ ಚಹಾ ಕೊಟ್ಟು, ಕಂಪ್ಯೂಟರಿನ ಮುಂದೆ ಕೂಡಿಸಿದೆ. ಇಬ್ಬರ ಹೆಸರೂ ಒಂದೇ ಸಾಲು, ಒಂದೇ ಗಾತ್ರ, ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ. ಕಾಕಾ ನನ್ನ ಸ್ಕೇಲ್ ತೆಗೆದುಕೊಂಡು ಪರದೆಯ ಮೇಲೇ ಇಟ್ಟು ಅಳೆದ. ಸಮ ಬಂತು. ಉಳಿದ ಕಾಕಂದಿರು, ಮಾವಂದಿರು, ಅಳಿಯಂದಿರು ಎಲ್ಲರ ಜಾಗವೂ ಅಂದೇ ತೀರ್ಮಾನವಾಯಿತು. ಈ ಪ್ರತಿಯನ್ನು ನಾನು ಯಾರ ಮೊಬೈಲಿಗೂ ಕಳಿಸಲಿಲ್ಲ. ವಾಟ್ಸಾಪಿಗೆ ಹೋದ ಪತ್ರಿಕೆಯನ್ನು ಊರೆಲ್ಲ ತಿದ್ದುತ್ತದೆ. ಅದು ನನ್ನ ಕಂಪ್ಯೂಟರಿನಲ್ಲಿ ಮಾತ್ರ ಇತ್ತು, ಮತ್ತು ಅದನ್ನೇ ನಾನು ಜಾಣತನ ಅಂದುಕೊಂಡಿದ್ದೆ.

ಮರುದಿನ ಅಮಾವಾಸ್ಯೆ. ನಮ್ಮಲ್ಲಿ ಅಮಾವಾಸ್ಯೆಗೆ ಅಂಗಡಿ ಪೂಜೆ ತಪ್ಪುವುದಿಲ್ಲ, ಅದನ್ನು ಮಾಡುವವರು ನಮ್ಮವರು. ನಾನು ಬೆಳಿಗ್ಗೆ ಪತ್ರಿಕೆಯನ್ನು ಕೊನೆಯ ಸಲ ನೋಡಿ, ಲಿನಕ್ಸಿನ ಅಪ್‌ಡೇಟ್ ಶುರು ಮಾಡಿ, ಹಿಂದಿನ ಮನೆಗೆ ಸ್ನಾನಕ್ಕೆ ಹೋದೆ. ಇತ್ತ ನಮ್ಮವರು ಬಂದವರೇ ಮೇನ್ ಸ್ವಿಚ್ ತೆಗೆದುಬಿಟ್ಟರು. ಯುಪಿಎಸ್ಸಿನ ಬ್ಯಾಟರಿ ಎಂದೋ ಸತ್ತಿತ್ತು. ನಾನು ತಲೆ ಒರೆಸಿಕೊಳ್ಳುತ್ತ ಬಂದಾಗ ಕಂಪ್ಯೂಟರ್ ಹಣೆಗೆ ವಿಭೂತಿ, ಕುಂಕುಮ, ಸೇವಂತಿಗೆ ಹೂವು ಇಟ್ಟುಕೊಂಡು ತಣ್ಣಗೆ ಕೂತಿತ್ತು.

"ಮೇನ್ ಯಾಕ ತಗದ್ರಿ?" ಅಂದೆ.

"ಚಾಲೂ ಇದ್ದ ಮಷೀನಿಗೆ ಯಾರರ ಪೂಜಿ ಮಾಡ್ತಾರೇನ? ನಮ್ಮಪ್ಪ ಹಿಟ್ಟಿನ ಗಿರಣಿ ಬಂದ್ ಮಾಡೇ ಕಾಯಿ ಒಡೀತಿದ್ದ."

ಗಿರಣಿಗೆ ಅದು ಸರಿ. ಕಲ್ಲು ನಿಂತರೆ ನಿಂತಿತು, ಮತ್ತೆ ತಿರುಗುತ್ತದೆ. ಕಂಪ್ಯೂಟರ್ ಹಾಗಲ್ಲ. ಬರೆಯುತ್ತಿರುವಾಗಲೇ ಕರೆಂಟು ಕಿತ್ತರೆ ಯಾವ ಫೈಲು ಎಲ್ಲಿದೆ ಎಂಬ ಗುರುತೇ ಕೆಡುತ್ತದೆ. ಅಡುಗೆಮನೆಯ ಡಬ್ಬಿಗಳೆಲ್ಲ ಇದ್ದು, ಯಾವುದರಲ್ಲಿ ಏನಿದೆ ಎನ್ನುವುದು ಮನೆಯೊಡತಿಗೇ ಮರೆತ ಹಾಗೆ. ಸ್ವಿಚ್ ಹಾಕಿದೆ. ಕಪ್ಪು ಪರದೆ, ಬಿಳಿ ಅಕ್ಷರ. ಡಿಸ್ಕಿನಲ್ಲಿ ತಾಳೆ ತಪ್ಪಿದೆ, ಎಫ್‌ಎಸ್‌ಸಿಕೆ ಎಂಬ ರಿಪೇರಿ ಪ್ರೋಗ್ರಾಮನ್ನು ನಿಮ್ಮ ಕೈಯಿಂದಲೇ ಓಡಿಸಿ ಎಂದು ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಯಿತು.

"ಈಗಷ್ಟ ಪೂಜಿ ಮಾಡೇನಿ, ಹೆಂಗ ಕೆಡತೈತಿ?" ಎಂದು ನಮ್ಮವರು ಕಂಪ್ಯೂಟರನ್ನೇ ಕೇಳಿದರು.

ಹೆಸರುಗಳು ನನಗೆ ಬಾಯಿಪಾಠವಿದ್ದವು, ಮತ್ತೆ ಟೈಪ್ ಮಾಡಬಹುದಿತ್ತಲ್ಲ ಅನ್ನುತ್ತೀರಿ. ನಿಮಗೆ ನಮ್ಮ ಕಾಕಾ ಗೊತ್ತಿಲ್ಲ. "ಅವತ್ತ ನೋಡಿದ್ದು ಇದಲ್ಲ" ಎಂದು ಒಂದು ಮಾತು ಅಂದನೆಂದರೆ ಮುಗಿಯಿತು, ಸಭೆ ಮತ್ತೆ ಮೊದಲಿನಿಂದ ಶುರು. ಅಂಗಡಿಯ ಗುರುತಿನ ರಿಪೇರಿಯವನಿಗೆ ಫೋನ್ ಮಾಡಿದೆ. "ಅಕ್ಕಾರ, ಫಾರ್ಮ್ಯಾಟ್ ಹೊಡದಬಿಡೂಣ್ರಿ, ಎಲ್ಲಾ ಸ್ವಚ್ಛ ಆಗತೈತಿ" ಅಂದ. "ಸ್ವಚ್ಛ ಆಗೂದ ಬ್ಯಾಡ ಅಂತ ಅನ್ನಾಕತ್ತೇನಪಾ" ಎಂದು ಫೋನ್ ಇಟ್ಟೆ. ಸೆರಗು ಸಿಕ್ಕಿಸಿ ನಾನೇ ಕೂತೆ.

ಲಿನಕ್ಸ್ ಹಾಕಿದ್ದ ಪೆನ್‌ಡ್ರೈವ್ ದೇವರ ಮನೆಯ ಗೂಡಿನಲ್ಲಿತ್ತು. ಅದರಿಂದ ಕಂಪ್ಯೂಟರ್ ಎಬ್ಬಿಸಿದೆ. ಕೆಟ್ಟ ಡಿಸ್ಕಿಗೆ ಕೈ ಹಚ್ಚುವ ಮೊದಲು ಅದರ ಪೂರ್ತಿ ನಕಲನ್ನು ಬೇರೆ ಡಿಸ್ಕಿಗೆ ಇಳಿಸಿದೆ. ಇಷ್ಟು ಬುದ್ಧಿ ನನಗಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಆಮೇಲೆ ಎಫ್‌ಎಸ್‌ಸಿಕೆ ಓಡಿಸಿದೆ. ಅದು ಎಂಥ ಮರ್ಯಾದಸ್ಥ ಅಂತೀರಿ! ಇಲ್ಲೊಂದು ತಪ್ಪಿದೆ, ಸರಿ ಮಾಡಲೇ? ಹೂಂ. ಇಲ್ಲೊಂದು ಫೈಲಿಗೆ ದಿಕ್ಕಿಲ್ಲ, ಜಾಗ ಕೊಡಲೇ? ಹೂಂ. ಮೇನ್ ಸ್ವಿಚ್ ತೆಗೆಯುವ ಮೊದಲೂ ನಮ್ಮನೆಯಲ್ಲಿ ಯಾರಾದರೂ ಹೀಗೆ ಕೇಳಿದ್ದರೆ! ಹೂಂ ಅಂದು ಅಂದು ‘ಯೆಸ್’ನ ವೈ ಕೀ ಒತ್ತಿದ ಬೆರಳು ಜೋಮು ಹಿಡಿಯಿತು. ನಮ್ಮವರು ಬಾಗಿಲಲ್ಲಿ ನಿಂತು, "ಚಹಾ ಮಾಡ್ಲೇನ?" ಎಂದು ಸಣ್ಣ ದನಿಯಲ್ಲಿ ಕೇಳಿದರು. ಲಗ್ನವಾದಾಗಿನಿಂದ ಆ ಮಾತು ಅವರ ಬಾಯಲ್ಲಿ ಬಂದದ್ದೇ ಆಗ.

ಕಡೆಗೆ ನೋಡಿದರೆ ಪತ್ರಿಕೆ ತನ್ನ ಜಾಗದಲ್ಲಿರಲಿಲ್ಲ. ದಿಕ್ಕಿಲ್ಲದ ಫೈಲುಗಳನ್ನೆಲ್ಲ ಹಾಕುವ ಒಂದು ಫೋಲ್ಡರ್ ಇರುತ್ತದೆ, ಅದರೊಳಗೆ ಹೆಸರು ಹೋಗಿ ಬರೀ ನಂಬರು ಉಳಿದ ಫೈಲುಗಳು ರಾಶಿಯಿದ್ದವು. ಒಂದೊಂದೇ ತೆರೆದೆ. ಯಾರದೋ ನಾಮಕರಣ, ಯಾರದೋ ಗೃಹಪ್ರವೇಶ, ಮತ್ತೆ ಯಾರದೋ ನಾಮಕರಣ. ಆಮೇಲೆ ಕಂಡಿತು: ಎಡಕ್ಕೆ ಕಾಕಾ, ಬಲಕ್ಕೆ ಮಾವ, ಒಂದೇ ಸಾಲು. ನಾನು ಕಿರುಚಿದ್ದಕ್ಕೆ ಮೆಹಬೂಬಿ ಲಟ್ಟಣಿಗೆ ಹಿಡಿದೇ ಓಡಿಬಂದಳು. "ಏನಾತ ಗಿರಿಜಕ್ಕಾ?" "ಎಲ್ಲಾ ಸಿಕ್ತು! ಒಂದಕ್ಷರ ಸುದ್ದಾ ಹೋಗಿಲ್ಲ!" ಅಂದೆ. ಅಂದೇ ರಾಣೇಬೆನ್ನೂರಿನ ಪ್ರೆಸ್ಸಿಗೆ ಒಯ್ದು ಕೊಟ್ಟೆ. ಹೋಗುತ್ತ ಬಸ್ಸಿನಲ್ಲಿ, ಪ್ರೆಸ್ಸಿನಲ್ಲಿ, ಅಣ್ಣನ ಮನೆಯಲ್ಲಿ, ಎಲ್ಲ ಕಡೆ ಅದೇ ಮಾತು, ಒಂದಕ್ಷರ ಹೋಗಿಲ್ಲ.

ಪತ್ರಿಕೆಗೆ ಅರಿಶಿನ ಹಚ್ಚುವ ದಿನ ಎಲ್ಲರೂ ಕೂಡಿದ್ದರು. ಕಾಕಾ ಮತ್ತು ಮಾವ ಒಂದೇ ಜಮಖಾನೆಯ ಮೇಲೆ ಕೂತಿದ್ದರು. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಕಾಕಾ ಕನ್ನಡಕ ಏರಿಸಿ ಪತ್ರಿಕೆಯನ್ನು ಮೇಲಿಂದ ಕೆಳಗಿನವರೆಗೆ ಓದಿದ, ಮತ್ತೊಮ್ಮೆ ಓದಿದ.

"ನೋಡ್ರೋ ಇಲ್ಲೆ," ಅಂದ. "ನಾವು ಮುದುಕರು ಹೆಸರಿನ ಸಲುವಾಗಿ ಕಚ್ಚ್ಯಾಡಿದ್ವಿ. ಪತ್ರಿಕಿ ಮಾಡಿದಾಕಿ ತನ್ನ ಹೆಸರೇ ಹಾಕ್ಕೊಂಡಿಲ್ಲ. ಮನಸ್ಸು ಅಂದ್ರ ಇದು!"

ನಾನು ಪತ್ರಿಕೆ ಕಸಿದುಕೊಂಡು ನೋಡಿದೆ. ಖರೇನೇ ಇರಲಿಲ್ಲ. ವೈನಿ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಸೋದರಮಾವ ನನಗೆ ಕೈ ಮುಗಿದರು. ಒಂದಕ್ಷರವೂ ಹೋಗಿಲ್ಲ ಎಂದು ಮೂರು ಊರಿಗೆ ಸಾರಿದವಳು ಈಗ ಏನು ಹೇಳಲಿ? "ಮನಿ ಮಗಳಿಗೆ ಹೆಸರ ಯಾಕ ಬೇಕ್ರಿ ಕಾಕಾ" ಅಂದು ತಲೆ ತಗ್ಗಿಸಿದೆ. ಎಲ್ಲರೂ ಮತ್ತಷ್ಟು ಹೊಗಳಿದರು, ನಾನು ಬೇಡ ಅನ್ನಲಿಲ್ಲ. ಡಿಸ್ಕಿನಿಂದ ಎದ್ದು ಬಂದದ್ದು ಹಿಂದಿನ ದಿನದ ಪ್ರತಿ ಇರಬೇಕು. ಅಮಾವಾಸ್ಯೆಯ ಬೆಳಿಗ್ಗೆ ಸ್ನಾನಕ್ಕೆ ಹೋಗುವ ಮೊದಲು, ಯಾರೂ ಇಲ್ಲದ್ದು ನೋಡಿ, ನಾನು ನನ್ನ ಹೆಸರನ್ನು ಸೇರಿಸಿದ್ದೆ. ಎಲ್ಲರಿಗಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಕಾಕಾನ ಹೆಸರಿಗಿಂತ ಒಂದು ಗಾತ್ರ ದೊಡ್ಡದಾಗಿ.